ತೊರಕೆಗೆ ಜೊತೆ ಯಾಕೆ ಬೇಕು?

ಮೀನು ಸಾಕುವ ನನ್ನ ಗೆಳೆಯರ ನಡುವೆ ನನಗೆ "ಬೇಡಪ್ಪ" ಅಂತಲೇ ಅಡ್ಡಹೆಸರು ಬಿದ್ದಿದೆ. ಕಾರಣ ಇಷ್ಟೇ. ದೊಡ್ಡ ಟ್ಯಾಂಕ್ ಮಾಡಿಸಿ ಅದರಲ್ಲಿ ಸಿಹಿನೀರಿನ ಸ್ಟಿಂಗ್‌ರೇ ಬಿಟ್ಟವರು ಎರಡು ಮೂರು ತಿಂಗಳಾದ ಮೇಲೆ ಬಂದು ಕೇಳುವ ಪ್ರಶ್ನೆ ಒಂದೇ, "ಇದರ ಜೊತೆ ಇನ್ನೇನು ಬಿಡಬಹುದು?" ನಾನು ಕೊಡುವ ಉತ್ತರವೂ ಒಂದೇ. ಏನೂ ಬೇಡಪ್ಪ!

ಸುಮ್ಮನೆ ಹಟಕ್ಕೆ ಹೇಳುವ ಮಾತಲ್ಲ ಇದು. ಯಾಕೆ ಅಂತ ಇವತ್ತು ಸ್ವಲ್ಪ ವಿವರವಾಗಿಯೇ ಬರೆದುಬಿಡ್ತೀನಿ, ಪದೇ ಪದೇ ಫೋನಿನಲ್ಲಿ ಹೇಳೋದು ತಪ್ಪುತ್ತೆ.

ಮೊದಲು ಈ ಮೀನಿನ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಕರಾವಳಿಯವರು ತೊರಕೆ ಅಂತಾರಲ್ಲ, ಅದೇ ಜಾತಿಯ ಮೀನು. 2021ರಲ್ಲಿ ಮಲ್ಪೆಯಲ್ಲಿ ಬಲೆಗೆ ಬಿದ್ದು ಪೇಪರಿನಲ್ಲೆಲ್ಲ ಫೋಟೋ ಬಂದಿತ್ತಲ್ಲ ಕೊಂಬು ತೊರಕೆ, ಅದರ ದೂರದ ನೆಂಟ ಅಂದುಕೊಳ್ಳಿ. ಆದರೆ ಅಕ್ವೇರಿಯಂನಲ್ಲಿ ಸಾಕುವ ತೊರಕೆ ದಕ್ಷಿಣ ಅಮೆರಿಕದ ನದಿಗಳದ್ದು, ಸಮುದ್ರದ್ದಲ್ಲ. ಕಂದು ಮೈಮೇಲೆ ಕಿತ್ತಳೆ ಬೊಟ್ಟಿರುವ ಮೋಟೊರೊ, ಕಪ್ಪು ಮೈಮೇಲೆ ಬಿಳಿ ಬೊಟ್ಟಿರುವ ಲಿಯೊಪೊಲ್ಡಿ, ಇವೆರಡೂ ಹೆಚ್ಚು ಹೆಸರಾದವು. ಲಿಯೊಪೊಲ್ಡಿ ಇರುವುದು ಬ್ರೆಜಿಲಿನ ಶಿಂಗು ನದಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ. ಬೆಲ್ಜಿಯಂನ ರಾಜ ಮೂರನೇ ಲಿಯೊಪೊಲ್ಡನ ಹೆಸರು ಅದಕ್ಕೆ. ಬೆಲೆಯೂ ರಾಜನದ್ದೇ :-)

ಮೂಲತಃ ಇವುಗಳ ಪೂರ್ವಜರು ಸಮುದ್ರದವರೇ. ಸಮುದ್ರದ ತೊರಕೆಗಳು, ಶಾರ್ಕುಗಳು ಉಪ್ಪು ನೀರಿಗೆ ಹೊಂದಿಕೊಳ್ಳೋಕೆ ರಕ್ತದಲ್ಲಿ ಯೂರಿಯಾ ತುಂಬಿಕೊಂಡಿರುತ್ತವೆ. ಲಕ್ಷಾಂತರ ವರ್ಷ ನದಿಯಲ್ಲಿದ್ದು ಇವು ಆ ವಿದ್ಯೆಯನ್ನೇ ಮರೆತುಬಿಟ್ಟಿವೆ. ಥಾರ್ಸನ್ ಮತ್ತು ಜೊತೆಗಾರರು 1967ರಲ್ಲೇ ಇದನ್ನು ತೋರಿಸಿದರು. ಇವುಗಳ ರಕ್ತದಲ್ಲಿ ಯೂರಿಯಾ ತೀರಾ ಕಡಿಮೆ, ಉಪ್ಪು ನೀರಿಗೆ ಹಾಕಿದರೆ ಬದುಕೋದಿಲ್ಲ. ಮೈಮೇಲೆ ಹುರುಪೆ ಇಲ್ಲ, ಬರೀ ಲೋಳೆ ಮುಚ್ಚಿದ ಚರ್ಮ. ಬಾಲದಲ್ಲಿ ವಿಷದ ಮುಳ್ಳಿದೆ ಅಂತ ಎಲ್ಲರೂ ಇದನ್ನ ರೌಡಿ ಅಂದುಕೊಳ್ತಾರೆ. ಆದರೆ ಆ ದೊಡ್ಡ ಟ್ಯಾಂಕಿನಲ್ಲಿ ಸುಲಭವಾಗಿ ಏಟು ತಿನ್ನುವ ಪ್ರಾಣಿ ಅದೇ.

ಈಗ ವಿಷಯಕ್ಕೆ ಬರ್ತೀನಿ. ಜೊತೆಗೆ ಯಾವ ಮೀನು ಆಗುತ್ತೆ ಅಂತ ಅಂಗಡಿಯಲ್ಲಿ ಕೇಳಿದರೆ ಅವರು ನೋಡುವುದು ಒಂದೇ ಲೆಕ್ಕ. ಅದು ಇದನ್ನು ನುಂಗುತ್ತಾ, ಇದು ಅದನ್ನು ನುಂಗುತ್ತಾ. ಎರಡೂ ಇಲ್ಲ ಅಂದರೆ "ಆಗುತ್ತೆ ಸಾರ್, ತಗೊಂಡ್ಹೋಗಿ". ನನ್ನ ತಕರಾರು ಇರೋದೇ ಇಲ್ಲಿ. ತೊರಕೆಯನ್ನು ಜೊತೆಯ ಮೀನು ಕಚ್ಚಿ ಕೊಲ್ಲಲೇಬೇಕು ಅಂತಿಲ್ಲ. ಅದರ ಊಟ ತಿಂದು ಕೊಲ್ಲಬಹುದು, ನೀರು ಕೆಡಿಸಿ ಕೊಲ್ಲಬಹುದು, ರೋಗ ತಂದು ಕೊಲ್ಲಬಹುದು. ಇದ್ಯಾವುದೂ ಅಂಗಡಿಯ ಗಾಜಿನೊಳಗೆ ಕಾಣೋದಿಲ್ಲ, ಮನೆಗೆ ಬಂದು ತಿಂಗಳು ಕಳೆದ ಮೇಲೆ ಕಾಣುತ್ತೆ.

ಊಟದ ವಿಷಯ ನೋಡಿ. ತೊರಕೆಗೆ ಕಣ್ಣು ಮೇಲೆ, ಬಾಯಿ ಕೆಳಗೆ. ತಾನು ತಿನ್ನುವುದನ್ನು ಅದು ನೋಡೋದೇ ಇಲ್ಲ. ವಾಸನೆ ಹಿಡಿದು ಬರುತ್ತೆ. ಬೇಟೆಯ ಮೈಯಿಂದ ಹೊರಡುವ ಸಣ್ಣ ವಿದ್ಯುತ್ತನ್ನೂ ಗುರುತಿಸುವ ಅಂಗ ಅದರ ಮುಖದ ಕೆಳಗಿದೆ. ಹುಡುಕಿದ್ದರ ಮೇಲೆ ತಟ್ಟೆಯ ಹಾಗೆ ಕವುಚಿಕೊಂಡು ನಿಧಾನವಾಗಿ ತಿನ್ನುತ್ತೆ. ಮದುವೆ ಮನೆಯ ಪಂಕ್ತಿಯಲ್ಲಿ ಕೊನೆಯ ಎಲೆಗೆ ಕೂತ ಅಜ್ಜನನ್ನ ನೆನಪಿಸಿಕೊಳ್ಳಿ. ಅದೇ ಟ್ಯಾಂಕಿನಲ್ಲಿ ಪೀಕಾಕ್ ಬಾಸ್ ಇದ್ದರೆ? ಸಿಗಡಿ ನೀರಿಗೆ ಬಿದ್ದು ತಳ ಮುಟ್ಟುವ ಮೊದಲೇ ಖಾಲಿ. ಆಸ್ಕರ್ ಮೀನಂತೂ ತೊರಕೆಯ ಅಂಚಿನ ಕೆಳಗೆ ಬಾಯಿ ತೂರಿಸಿ ಎಳೆದುಕೊಂಡು ಹೋಗುತ್ತೆ, ಆ ಎಳೆದಾಟದಲ್ಲಿ ಅಂಚೂ ಸ್ವಲ್ಪ ಹರಿಯುತ್ತೆ. ಸೊಂಟದ ಹತ್ತಿರ, ಬಾಲದ ಬುಡದ ಎರಡೂ ಪಕ್ಕ ಮೂಳೆ ಎದ್ದು ಕಾಣೋಕೆ ಶುರುವಾದರೆ ತೊರಕೆ ಹಸಿದಿದೆ ಅಂತ ಅರ್ಥ. ಬಹಳ ಜನ ಆಗ ಹುಳದ ಔಷಧಿ ಹುಡುಕ್ತಾರೆ. ಪಕ್ಕದಲ್ಲಿ ಊದಿಕೊಂಡಿರುವ ಆಸ್ಕರ್ ಕಡೆ ಯಾರೂ ನೋಡೋದಿಲ್ಲ.

ಇನ್ನು ಸಕ್ಕರ್. ಇದರ ಬಗ್ಗೆ ನನಗೆ ಸಿಟ್ಟೇ ಇದೆ, ಸ್ವಲ್ಪ ಸಹಿಸಿಕೊಳ್ಳಿ.

"ಟ್ಯಾಂಕ್ ಕ್ಲೀನರ್" ಅಂತ ಹೇಳಿ ಮಾರುವ ಈ ಕಪ್ಪು ಮೀನನ್ನ ಯಾವ ಅಂಗಡಿಯವರೂ ಕೊಡದೆ ಕಳಿಸೋದಿಲ್ಲ. ಮರಿಯಿದ್ದಾಗ ಗಾಜಿನ ಪಾಚಿ ಕೆರೆಯುತ್ತೆ, ನಿಜ. ಒಂದಡಿ ಬೆಳೆದ ಮೇಲೆ ಅದಕ್ಕೆ ಪಾಚಿ ಸಾಲೋದಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಮರಳಿನ ಮೇಲೆ ಮಲಗಿರುವ ತೊರಕೆಯ ಬೆನ್ನಿಗೆ ಅಂಟಿಕೊಂಡು ಆ ಲೋಳೆಯನ್ನು ಕೆರೆದು ತಿನ್ನೋಕೆ ಶುರು ಮಾಡುತ್ತೆ. ನನ್ನ ಜೊತೆ ಕೆಲಸ ಮಾಡುವ ಗೆಳೆಯನೊಬ್ಬನ ಮನೆಯಲ್ಲಿ ಹೀಗೇ ಆಯಿತು. ತೊರಕೆಯ ಬೆನ್ನ ಮೇಲೆ ಎಂಟಾಣೆ ಅಗಲದ ದುಂಡನೆ ಬಿಳಿ ಗುರುತುಗಳು. ಮೊದಲು ಒಂದು, ಆಮೇಲೆ ಮೂರು. ಮೀನು ತಂದಿದ್ದ ಅಂಗಡಿಯವನು "ಫಂಗಸ್ ಸಾರ್" ಅಂದು ಒಂದು ನೀಲಿ ಔಷಧಿ ಕೊಟ್ಟ. ರಾತ್ರಿ ಎರಡು ಗಂಟೆಗೆ ಇವನು ಮೊಬೈಲ್ ಬೆಳಕು ಬಿಟ್ಟು ನೋಡಿದಾಗಲೇ ಗೊತ್ತಾಗಿದ್ದು, ಫಂಗಸ್ಸು ಬಾಲ ಅಲ್ಲಾಡಿಸುತ್ತಾ ಬೆನ್ನ ಮೇಲೆ ಕೂತಿತ್ತು ಅಂತ. ಅಷ್ಟರಲ್ಲಿ ಗಾಯ ಒಳಗೆ ಇಳಿದಿತ್ತು. ಒಂಬತ್ತು ದಿನ ಏನೂ ತಿನ್ನದೆ ಸತ್ತು ಹೋಯಿತು. ಅವನ ಮಗಳಿಗೆ ಆರು ವರ್ಷ, ಅದಕ್ಕೆ "ದೋಸೆ" ಅಂತ ಹೆಸರಿಟ್ಟಿದ್ದಳು.

ಸಕ್ಕರ್ ಈಗಲೂ ಚೆನ್ನಾಗಿದೆ. ಅದು ಎಲ್ಲಿ ಬಿಟ್ಟರೂ ಬದುಕುತ್ತೆ, ಕೇರಳ, ಆಂಧ್ರದ ಕೆರೆ ಕಾಲುವೆಗಳಲ್ಲಿ ಜನ ತಂದು ಬಿಟ್ಟು ಈಗ ಮೀನುಗಾರರ ಬಲೆ ಹರಿಯುತ್ತಿದೆ. ಹಾಗಾಗಿ ಮನೆಯಲ್ಲಿ ಬೇಡವಾದರೆ ದಯವಿಟ್ಟು ಕೆರೆಗೆ ಬಿಡಬೇಡಿ. "ಹಾಗಾದರೆ ಚಿಕ್ಕ ಜಾತಿಯ ಸಕ್ಕರ್ ಬಿಡಬಹುದಾ" ಅಂತ ಕೇಳೋರಿದ್ದಾರೆ. ಅದನ್ನು ತೊರಕೆಯೇ ನುಂಗೋಕೆ ಹೋಗುತ್ತೆ, ರೆಕ್ಕೆಯ ಮುಳ್ಳು ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಯಾವ ಕಡೆಯಿಂದ ನೋಡಿದರೂ ನಷ್ಟವೇ. ಕ್ಲೌನ್ ಲೋಚ್, ಪಫರ್ ಇವೂ ಕಚ್ಚುವ ಪೈಕಿಯೇ. ರೆಡ್ ಟೇಲ್ ಕ್ಯಾಟ್ ಫಿಶ್ ಬಗ್ಗೆ ಮಾತೇ ಬೇಡ, ಮೂರಡಿ ದಾಟಿ ಬೆಳೆಯುವ ಅದನ್ನು ಮನೆಯಲ್ಲಿ ಯಾವುದರ ಜೊತೆಗೂ ಸಾಕಬಾರದು.

ಈಗ ನೀರು. ಇಂಜಿನಿಯರಿಂಗ್ ಓದಿದ್ದಕ್ಕೆ ಇಲ್ಲಾದರೂ ಸ್ವಲ್ಪ ಉಪಯೋಗ ಆಗಲಿ :-) 100 ಗ್ರಾಂ ಸಿಗಡಿಯಲ್ಲಿ ಸುಮಾರು 20 ಗ್ರಾಂ ಪ್ರೋಟೀನ್, ಅದರಲ್ಲಿ ಸುಮಾರು 3 ಗ್ರಾಂ ಸಾರಜನಕ. ಅದರ ಅರ್ಧ ಅಮೋನಿಯಾ ಆಗಿ ಹೊರಬಿತ್ತು ಅಂದುಕೊಂಡರೂ 1800 ಲೀಟರ್ ಟ್ಯಾಂಕಿನಲ್ಲಿ ಲೀಟರಿಗೆ ಹತ್ತಿರ ಹತ್ತಿರ ಒಂದು ಮಿಲಿಗ್ರಾಂ. ಒಂದು ಹೊತ್ತಿನ ಊಟಕ್ಕೆ! ಅದನ್ನು ಫಿಲ್ಟರಿನ ಬ್ಯಾಕ್ಟೀರಿಯಾ ತಿಂದು ಮುಗಿಸಬೇಕು. ಇದರ ಮೇಲೆ ಎರಡಡಿಯ ಇನ್ನೊಂದು ಮಾಂಸಾಹಾರಿ ಮೀನು ತಂದು ಬಿಟ್ಟರೆ ಲೆಕ್ಕ ಎರಡರಷ್ಟಾಗುತ್ತೆ, ಫಿಲ್ಟರ್ ಮಾತ್ರ ಅಷ್ಟೇ ಇರುತ್ತೆ.

ಅದರಲ್ಲೂ ಬೆಂಗಳೂರಿನವರಿಗೆ ಇನ್ನೊಂದು ತೊಂದರೆ. ನಮ್ಮಲ್ಲಿ ಬಹಳ ಕಡೆ ಬೋರ್‌ವೆಲ್ ನೀರು, ಗಡಸು. ಅಮೋನಿಯಾ ಎಷ್ಟು ವಿಷ ಅನ್ನೋದು ನೀರಿನ ಪಿಎಚ್ ಮೇಲೆ ನಿಂತಿದೆ. 28 ಡಿಗ್ರಿ ಬಿಸಿಯಲ್ಲಿ, ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷದ ರೂಪದಲ್ಲಿರೋದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಪಿಎಚ್ 8 ಆದರೆ ನೂರಕ್ಕೆ ಆರೇಳು. ಹತ್ತಿರ ಹತ್ತಿರ ಹತ್ತು ಪಟ್ಟು. ವಿದೇಶದವರು ತಮ್ಮ ಮೆದು ನೀರಿನಲ್ಲಿ ಐದು ಜಾತಿ ಒಟ್ಟಿಗೆ ಸಾಕಿದ ವಿಡಿಯೋ ನೋಡಿ ನಾವೂ ಹಾಗೇ ಮಾಡೋಕೆ ಹೋದರೆ ಕಷ್ಟ. ಕರೆಂಟು ಬೇರೆ ಹೋಗುತ್ತೆ. ರಾತ್ರಿ ಮೂರು ಗಂಟೆ ಪಂಪು ನಿಂತರೆ ಆರು ದೊಡ್ಡ ಮೀನಿಗೆ ಉಸಿರಾಡೋಕೆ ಎಲ್ಲಿಂದ ಬರಬೇಕು? ಒಂದಕ್ಕಾದರೆ ಯುಪಿಎಸ್‌ಗೆ ಹಾಕಿದ ಸಣ್ಣ ಏರ್ ಪಂಪ್ ಸಾಕು.

"ಸರಿ, ಇನ್ನೂ ದೊಡ್ಡ ಟ್ಯಾಂಕ್ ಮಾಡಿಸ್ತೀನಿ" ಅನ್ನೋರಿಗೆ ಒಂದು ಮಾತು. ಎಂಟಡಿ ಉದ್ದ, ನಾಲ್ಕಡಿ ಅಗಲ, ಎರಡಡಿ ಎತ್ತರ, ಇದು ನನ್ನ ಪ್ರಕಾರ ಒಂದು ಮೋಟೊರೊಗೆ ಮರ್ಯಾದೆಯ ಅಳತೆ. ಅದರ ನೀರೇ 1800 ಕೆಜಿ, ಚದರ ಮೀಟರಿಗೆ 600 ಕೆಜಿ ಮೇಲೆ. ಮನೆಯ ಕೋಣೆಗಳಿಗೆ ನಮ್ಮ ಐಎಸ್ ಕೋಡ್ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 200 ಕೆಜಿ. ನೆಲ ಅಂತಸ್ತಿನಲ್ಲಿ ಇಲ್ಲದವರು ಮೊದಲು ಸ್ಟ್ರಕ್ಚರಲ್ ಇಂಜಿನಿಯರ್ ಹತ್ತಿರ ಹೋಗಿ, ಆಮೇಲೆ ಮೀನಿನ ಅಂಗಡಿಗೆ.

ಇಷ್ಟು ಹೇಳಿದ ಮೇಲೂ ಬರುವ ಮಾತು ಅಮ್ಮನದ್ದು. ನನ್ನ ಮನೆಯಲ್ಲಿರುವುದು ಒಂದು ಹೆಣ್ಣು ಮೋಟೊರೊ. ಊರಿಂದ ಬಂದಾಗಲೆಲ್ಲ ಅಮ್ಮ ಟ್ಯಾಂಕಿನ ಮುಂದೆ ಕುರ್ಚಿ ಹಾಕಿಕೊಂಡು ಕೂತು, "ಪಾಪ ಕಣೋ, ಒಂದೇ ಇದೆ, ಅದಕ್ಕೆ ಬೇಜಾರಾಗಲ್ವೇನೋ" ಅಂತಾಳೆ. (ಆ ಮಾತು ಮೀನಿನ ಬಗ್ಗೆಯೋ ನನ್ನ ಬಗ್ಗೆಯೋ ಅನ್ನೋ ಅನುಮಾನ ನನಗೆ ಮೊದಲಿಂದಲೂ ಇದೆ.) ಮೀನಿಗೆ ಬೇಜಾರಿಲ್ಲ ಅಮ್ಮ. ಬೇಜಾರಾಗೋದು ನೋಡೋರಿಗೆ. ತೊರಕೆ ದಿನದ ಬಹುಪಾಲು ಮರಳಿನಲ್ಲಿ ಹೂತುಕೊಂಡು ಬರೀ ಕಣ್ಣು ಬಿಟ್ಟುಕೊಂಡು ಇರುತ್ತೆ. ಲಕ್ಷ ಖರ್ಚು ಮಾಡಿದ ಟ್ಯಾಂಕಿನ ಮೇಲಿನ ಅರ್ಧ ಖಾಲಿ ಕಾಣುತ್ತೆ. ಮನೆಗೆ ಬಂದ ನೆಂಟರು "ಮೀನೆಲ್ಲಿ?" ಅಂತಾರೆ. ಆ ಖಾಲಿ ಜಾಗ ತುಂಬಿಸೋಕೆ ನಾವು ಜೊತೆ ಹುಡುಕ್ತೀವೇ ಹೊರತು ತೊರಕೆಗಾಗಿ ಅಲ್ಲ. ಅದು ತಪ್ಪು ಅಂತ ನಾನೂ ಹೇಳೋದಿಲ್ಲ, ನೋಡೋಕೆ ತಾನೇ ಸಾಕೋದು. ಆದರೆ ಅದನ್ನು ಒಪ್ಪಿಕೊಂಡು ಆರಿಸಿದರೆ ಆಯ್ಕೆ ಸರಿಹೋಗುತ್ತೆ. ಮೇಲಿನ ಅರ್ಧಕ್ಕೆ ಮೀನು ಬೇಕು ಅಂದರೆ ಮೇಲಿನ ಅರ್ಧದಲ್ಲೇ ಇರುವ ಮೀನು ತನ್ನಿ!

ಅಂಥದ್ದು ಇದೆಯಾ? ಇದೆ. ನನ್ನ ಕೇಳಿದರೆ ಆರು ಸಿಲ್ವರ್ ಡಾಲರ್. ಅದೇ ಅಮೆಜಾನ್ ಕಡೆಯವು, ಹೆಚ್ಚಾಗಿ ಸೊಪ್ಪು ತಿನ್ನುತ್ತವೆ, ಅಂಗೈಯಷ್ಟು ಬೆಳೆದು ನಿಲ್ಲುತ್ತವೆ, ಗುಂಪಾಗಿ ಮಧ್ಯದಲ್ಲಿ ಓಡಾಡುತ್ತವೆ. ಪಾಲಕ್, ಸೌತೆಕಾಯಿ ಕೊಟ್ಟು ಅವುಗಳ ಹೊಟ್ಟೆ ತುಂಬಿಸಿ, ದೀಪ ಆರಿಸಿ, ಆಮೇಲೆ ತೊರಕೆಗೆ ಸಿಗಡಿ ಹಾಕಿದರೆ ಪಂಕ್ತಿಯಲ್ಲಿ ಜಗಳವೇ ಇಲ್ಲ. ಮೊದಲ ಎರಡು ವರ್ಷ ಒಂಟಿಯಾಗಿದ್ದ ನನ್ನ ಮೋಟೊರೊ ಜೊತೆ ಈಗ ಇರೋದೂ ಇವೇ. ತರುವಾಗ ಮಾತ್ರ ನೋಡಿ ತನ್ನಿ, ಅದೇ ತರಹ ಬೆಳ್ಳಗೆ ದುಂಡಗಿರುವ ಪಾಕು ಮರಿಗಳೂ ಇರುತ್ತವೆ. ಅದು ಮೀನು ಮಾರ್ಕೆಟ್ಟಿನ ರೂಪಚಂದ್! ವರ್ಷದಲ್ಲಿ ಕೆಜಿ ಲೆಕ್ಕಕ್ಕೆ ಬರುತ್ತೆ.

ಅರೋವಾನಾ? ತೊರಕೆ ಕೆಳಗೆ, ಅರೋವಾನಾ ಮೇಲೆ, ಏಷ್ಯಾದ ಎಲ್ಲಾ ದೊಡ್ಡ ಟ್ಯಾಂಕಿನ ಕನಸು ಇದು. ನಮ್ಮಲ್ಲಿ ಅದಕ್ಕೆ ಅದೃಷ್ಟದ ಕಥೆ ಬೇರೆ ಅಂಟಿದೆ. ಸ್ವಭಾವದಿಂದ ನೋಡಿದರೆ ಸಿಲ್ವರ್ ಅರೋವಾನಾ ಹೊಂದುತ್ತೆ, ಅದು ನೀರಿನ ಮೇಲ್ಮೈ ಬಿಟ್ಟು ಕೆಳಗಿಳಿಯೋದು ಕಡಿಮೆ. ಆದರೆ ಮೂರಡಿ ಹತ್ತಿರ ಬೆಳೆಯುತ್ತೆ, ಕಾಡಿನಲ್ಲಿ ಕೊಂಬೆಯ ಮೇಲಿನ ಹುಳಕ್ಕೆ ನೀರಿಂದ ಹಾರುವ ಮೀನದು, ಅಲ್ಲಿನವರು ನೀರುಕೋತಿ ಅಂತಾರೆ. ಭಾರದ ಮುಚ್ಚಳ, ಎರಡರಷ್ಟು ಫಿಲ್ಟರ್, ವಾರಕ್ಕೆ ಅರ್ಧ ನೀರು ಬದಲಿಸುವ ತಾಳ್ಮೆ ಇದ್ದರೆ ಮಾತ್ರ. ಮಣ್ಣು ಜರಡಿ ಹಿಡಿಯುವ ಜಿಯೋಫೇಗಸ್ ಕೂಡ ಆಗುತ್ತೆ ಅಂತಾರೆ, ನದಿಯಲ್ಲಿ ಒಟ್ಟಿಗೇ ಇರೋದು ನಿಜ. ಆದರೆ ನದಿಯಲ್ಲಿ ಓಡಿಹೋಗೋಕೆ ಜಾಗ ಇದೆ, ಚಿಕ್ಕವಿದ್ದರೆ ರಾತ್ರಿ ತೊರಕೆಯ ಹೊಟ್ಟೆಗೆ.

ಯಾವುದನ್ನೇ ತನ್ನಿ, ಬೇರೆ ಟ್ಯಾಂಕಿನಲ್ಲಿ ಆರು ವಾರ ಇಟ್ಟು ಆಮೇಲೆ ಬಿಡಿ. ಬಿಳಿಚುಕ್ಕೆ ರೋಗ ಬಂದರೆ ಬೇರೆ ಮೀನಿಗೆ ಹಾಕುವ ತಾಮ್ರದ ಔಷಧಿ ತೊರಕೆಗೆ ವಿಷ. ಅಂದರೆ ಹೊಸ ನೆಂಟ ರೋಗ ತಂದರೆ ಮನೆಯಲ್ಲಿ ಔಷಧಿಯನ್ನೇ ಹಾಕೋಕಾಗಲ್ಲ. ಜೊತೆಗೆ, ಹೊಂದದ ಮೀನನ್ನು ಆಮೇಲೆ ಬಲೆ ಹಾಕಿ ಹಿಡಿಯೋಕೆ ಹೋದಾಗಲೇ ಮುಳ್ಳು ಚುಚ್ಚಿಸಿಕೊಳ್ಳೋದು. ಚುಚ್ಚಿದರೆ ತಡೆಯಬಹುದಾದಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ, ಕೈ ಮುಳುಗಿಸಿಕೊಂಡೇ ಆಸ್ಪತ್ರೆಗೆ ಹೊರಡಿ. ಸುಡುವಷ್ಟು ಬಿಸಿ ಬೇಡ.

ಲಿಯೊಪೊಲ್ಡಿ ತರುವ ಆಲೋಚನೆ ಇದ್ದರೆ ಕಾಗದಪತ್ರ ಕೇಳಿ. 2022ರ ನವೆಂಬರಿನ ಪನಾಮಾ ಸಭೆಯಲ್ಲಿ ಬ್ರೆಜಿಲಿನ ಪ್ರಸ್ತಾಪದಂತೆ ಅದನ್ನು ಸೈಟಿಸ್‌ನ ಎರಡನೇ ಪಟ್ಟಿಗೆ ಸೇರಿಸಿದ್ದಾರೆ. ನಮ್ಮ ವನ್ಯಜೀವಿ ಕಾಯ್ದೆಗೆ ಅದೇ ವರ್ಷ ಆದ ತಿದ್ದುಪಡಿಯ ಪ್ರಕಾರ, ಕಾಯ್ದೆಯ ನಾಲ್ಕನೇ ಅನುಸೂಚಿಗೆ ಸೇರಿದ ವಿದೇಶಿ ಜೀವಿಗಳನ್ನು ಸಾಕುವವರು ಹೆಸರು ನೋಂದಾಯಿಸಬೇಕು. ಬಿಲ್ಲೂ ಇಲ್ಲದೆ ಕೊಡ್ತೀನಿ ಅನ್ನುವವನ ಹತ್ತಿರ ತರಬೇಡಿ.

ಆ ನನ್ನ ಗೆಳೆಯ ಹೋದ ತಿಂಗಳು ಟ್ಯಾಂಕಿಗೆ ಮತ್ತೆ ನೀರು ತುಂಬಿಸಿದ್ದಾನೆ. ಸಕ್ಕರನ್ನ ಒಂದು ಬೇರೆ ಡ್ರಮ್ಮಿನಲ್ಲಿ ಇಟ್ಟಿದ್ದಾನೆ, ಯಾರಿಗಾದರೂ ಬೇಕಿದ್ದರೆ ಹೇಳಿ, ತೊರಕೆ ಇಲ್ಲದವರಿಗೆ ಮಾತ್ರ. ಫಿಲ್ಟರ್ ಇನ್ನೂ ಪಳಗುತ್ತಿದೆ, ನಿನ್ನೆ ಸಂಜೆಯ ಪರೀಕ್ಷೆಯಲ್ಲಿ ಅಮೋನಿಯಾ 0.5 ಇತ್ತಂತೆ. ಸೊನ್ನೆ ಆಗೋವರೆಗೆ ಮೀನು ತರಬಾರದು ಅಂತ ಮಗಳೇ ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕ್ತಿದ್ದಾಳೆ.