ಕೂದಲು ಕಾಣ್ಲಿಲ್ಲ ಅಂತ ಗೇಮ್ ಡಿಲೀಟ್ ಮಾಡ್ಸೋರಿಗೆ

1/5
ಸ್ಕೈರಿಮ್‌ಗೆ ಹೇರ್‌ಸ್ಟೈಲ್ ಮಾಡ್ ಹಾಕಿ ಕ್ಯಾರೆಕ್ಟರ್ ಬೋಳಾಯ್ತು ಅಂದ್ರೆ ಸಿಗೋ ಉತ್ತರ ಒಂದೇ: "ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕು." ಈ ಸಲಹೆ ಮೇಲೇ ನನ್ನ ತಕರಾರು. ಸ್ಪೆಷಲ್ ಎಡಿಷನ್‌ಗೆ 12 ಜಿಬಿ ಜಾಗ ಬೇಕು. ಅಷ್ಟನ್ನೂ ಮತ್ತೆ ಇಳಿಸೋದಾದ್ರೆ ದಿನಕ್ಕೆ 1.5 ಜಿಬಿ ಪ್ಯಾಕ್ ಇರೋ ಹೊಸನಗರದ ಹುಡುಗನಿಗೆ ಎಂಟು ದಿನದ ಡೇಟಾ. ಆಷಾಢದ ಮಳೇಲಿ ಕರೆಂಟ್ ಕೈಕೊಟ್ರೆ ಇನ್ನೂ ಜಾಸ್ತಿ. ಸಲಹೆ ಕೊಟ್ಟವರಿಗೆ ಖರ್ಚು ಸೊನ್ನೆ.

ಹೆಗ್ಗೋಡಲ್ಲಿ ನಾಟಕದ ಮಧ್ಯೆ ನಟನ ವಿಗ್ ಜಾರಿದ್ರೆ ಶಿವರಾಮ ಕಾರಂತ ರಂಗಮಂದಿರ ಕೆಡವಿ ಮತ್ತೆ ಕಟ್ತಾರಾ ಮಾರಾಯ್ರೆ?

2/5
ಮೊದಲು ಒಂದು ತಿಳ್ಕೊಳ್ಳಿ: ಪ್ಲಗಿನ್ ಅಂದ್ರೆ ಕೂದಲಲ್ಲ. ಇಎಸ್‌ಪಿ ಫೈಲಲ್ಲಿ ಇರೋದು ಬರೀ ದಾಖಲೆ. ಈ ಕೂದಲು ಗಂಡಿಗಾ ಹೆಣ್ಣಿಗಾ, ಯಾವ ಜನಾಂಗಕ್ಕೆ, ಅದರ ಆಕಾರದ ಫೈಲ್ ಎಲ್ಲಿದೆ, ಅಷ್ಟೇ. ಆಕಾರ ಇರೋದು ನಿಫ್ ಫೈಲಲ್ಲಿ, ಬಣ್ಣ ಡಿಡಿಎಸ್ ಫೈಲಲ್ಲಿ. ಇವೆಲ್ಲ ಬಿಎಸ್‌ಎ ಅನ್ನೋ ಗಂಟಲ್ಲಿದ್ರೆ, ಅದೇ ಹೆಸರಿನ ಪ್ಲಗಿನ್ ಆನ್ ಆಗಿದ್ರೆ ಮಾತ್ರ ಗಂಟು ಬಿಚ್ಚತ್ತೆ. ಗಂಟಿನ ಹೆಸರು ಬದಲಾಯಿಸಿದ್ರೋ, ಕೆಟ್ಟಿತು.

3/5
ರೋಗ ತಾನೇ ಮಾತಾಡತ್ತೆ, ಕೇಳಿಸ್ಕೊಳ್ಳಿ.
▪ ಕೂದಲು ನೇರಳೆ ಬಣ್ಣ: ಟೆಕ್ಸ್ಚರ್ ಸಿಕ್ಕಿಲ್ಲ.
▪ ಮೇನ್ ಮೆನು ಬರೋ ಮೊದಲೇ ಗೇಮ್ ಮುಚ್ಕೊಂಡ್ರೆ: ಪ್ಲಗಿನ್ ಕೇಳೋ ಮಾಸ್ಟರ್ ಫೈಲ್ ಇಲ್ದೆ ಇರಬಹುದು. ಮೊದಲು ನೋಡಬೇಕಾದ್ದು ಅದನ್ನೇ.
▪ ಲಿಸ್ಟಲ್ಲೇ ಕೂದಲು ಇಲ್ಲ: ಪ್ಲಗಿನ್ ಆಫ್ ಇದೆ, ಇಲ್ಲಾ ನಿಮ್ಮ ಜನಾಂಗಕ್ಕೆ ಅದನ್ನ ಕೊಟ್ಟಿಲ್ಲ.
▪ ಊರವರ ಮುಖ ಕಪ್ಪು, ಕತ್ತು ಬೇರೆ ಬಣ್ಣ: ಪ್ಲಗಿನ್ ಹೇಳೋ ತಲೆಗೂ ಫೇಸ್‌ಜೆನ್ ಫೈಲಲ್ಲಿರೋ ತಲೆಗೂ ಹೊಂದ್ತಿಲ್ಲ.
▪ 2011ರ ಗೇಮಿನ ಮಾಡನ್ನ 2016ರ ಎಡಿಷನ್‌ಗೆ ಹಂಗೇ ತುರುಕಿದ್ರೆ: ನಿಫ್ ಪರಿವರ್ತನೆ ಆಗದೆ ಕ್ರ್ಯಾಶ್ ಆಗಬಹುದು.
▪ ಹಾರಾಡೋ ಕೂದಲು ಕೋಲಿನ ಹಾಗೆ ನಿಂತಿದೆ: ಫಿಸಿಕ್ಸ್ ಮಾಡ್ ಇಲ್ಲ, ಅಥವಾ ಗೇಮ್ ಅಪ್‌ಡೇಟ್ ಆಗಿ ಎಸ್‌ಕೆಎಸ್‌ಇ ಹಿಂದೆ ಬಿದ್ದಿದೆ.
ಇದರಲ್ಲಿ ಯಾವುದೂ ಮೂಲ ಗೇಮಿನ ತಪ್ಪಲ್ಲ. ಹನ್ನೆರಡಲ್ಲ, ನೂರು ಜಿಬಿ ಮತ್ತೆ ಇಳಿಸಿದ್ರೂ ಇಲ್ಲದ ಮಾಸ್ಟರ್ ಫೈಲ್ ಆಕಾಶದಿಂದ ಉದುರಲ್ಲ.

4/5
ಇನ್ನು "ಎಲ್ಲಾ ಹೇರ್ ಒಂದೇ ಜಿಪ್" ಅಂತ ಹಂಚೋ ಧರ್ಮಾತ್ಮರು. ರೀಡ್‌ಮಿ ಕಿತ್ತು, ಬೇಕಾದ ಫೈಲುಗಳ ಪಟ್ಟಿ ಕಿತ್ತು, ಮಾಡಿದವರ ಹೆಸರೂ ಕಿತ್ತು ಹಂಚ್ತೀರಿ. ಕೆಎಸ್ ಹೇರ್‌ಡೂಸ್‌ನಂಥ ಮಾಡ್‌ಗಳಲ್ಲಿ ಎಷ್ಟೋ ಕೂದಲು 'ದಿ ಸಿಮ್ಸ್' ಗೇಮಿಗೆ ಬೇರೆಯವರು ಮಾಡಿದ್ದು, ಅಲ್ಲಿಂದ ಇಲ್ಲಿಗೆ ಬಂದಿದ್ದು. ಆ ಹೆಸರುಗಳು ಅಲಂಕಾರಕ್ಕಲ್ಲ. ಕೆಟ್ಟರೆ ಯಾರನ್ನ ಕೇಳಬೇಕು, ಅಪ್‌ಡೇಟ್ ಎಲ್ಲಿ ಸಿಗತ್ತೆ ಅನ್ನೋದಕ್ಕೆ ಇರೋ ಏಕೈಕ ವಿಳಾಸ ಅದು. ವಿಳಾಸ ಹರಿದು ಹಾಕಿ "ಫ್ರೀ ಸೇವೆ" ಅಂದ್ರೆ ಹೇಗೆ?

5/5
"ನಮ್ಮ ಹುಡುಗ್ರಿಗೆ ಇದೆಲ್ಲ ಅರ್ಥ ಆಗಲ್ಲ, ರೀಇನ್‌ಸ್ಟಾಲ್ ಸುಲಭ" ಅಂತಾರೆ. ಅರ್ಥ ಆಗಲ್ಲ ಅಂತ ತೀರ್ಮಾನ ಮಾಡೋಕೆ ನೀವ್ಯಾರು? ಸಾಗರ, ತೀರ್ಥಹಳ್ಳಿ ಕಡೆ ಬೈಕಿನ ಪ್ಲಗ್ ತಾವೇ ಬಿಚ್ಚಿ ಒರೆಸೋ ಹುಡುಗ್ರಿಗೆ ಎಸ್‌ಎಸ್‌ಇ ಎಡಿಟ್ ತೆರೆದು ಫೈಲ್ ಹೆಡರಲ್ಲಿ ಮಾಸ್ಟರ್ ಪಟ್ಟಿ ಓದೋದು ಕಷ್ಟವಾ? ಐದು ನಿಮಿಷದ ಕೆಲಸ, ಡೇಟಾ ಖರ್ಚಿಲ್ಲ.

ಇನ್ಮೇಲೆ ಯಾರಾದ್ರೂ "ಕೂದಲು ಬರ್ತಿಲ್ಲ" ಅಂದ್ರೆ ಮೊದಲು ತಿರುಗಿ ಕೇಳಿ: ಯಾವ ಎಡಿಷನ್, ಯಾವ ಮಾಸ್ಟರ್, ಏನು ಕಾಣ್ತಿದೆ? ಅಷ್ಟು ಕೇಳೋ ತಾಳ್ಮೆ ಇಲ್ದಿದ್ರೆ ಸುಮ್ನಿರಿ. ಅದೂ ಒಂದು ಉಪಕಾರವೇ.

#ಸ್ಕೈರಿಮ್ಕನ್ನಡ #ಮಾಡಿಂಗ್ #ಮಲೆನಾಡಗೇಮರ್ಸ್