ವರ್ಣತಂತುವಿನ ದೋಷ ವಂಶದ ದೋಷವಲ್ಲ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಭಕ್ತರ ಮನೆಗಳಿಗೆ ಹೋದಾಗ ಒಂದೆರಡು ಕಡೆ ಕಂಡ ಸಂಗತಿ ನಮ್ಮ ಮನಸ್ಸನ್ನು ನೋಯಿಸಿತು. ಮಗುವಿಗೆ ತೀವ್ರ ರಕ್ತಕ್ಯಾನ್ಸರ್. ಅಸ್ಥಿಮಜ್ಜೆಯ ಪರೀಕ್ಷೆಯಲ್ಲಿ ‘ವರ್ಣತಂತು ದೋಷ’ ಎಂಬ ಮಾತು ಬಂತು. ಅಷ್ಟಕ್ಕೇ ಹಿರಿಯರು ತಾಯಿಯ ತವರುಮನೆಯನ್ನು ದೂರಿದರು; ಅಕ್ಕನಿಗೆ ಗೊತ್ತಾಗಿದ್ದ ಸಂಬಂಧ ತಪ್ಪಿಹೋಯಿತು. ಇದು ಅಜ್ಞಾನದಿಂದಾದ ಅನ್ಯಾಯವೆಂಬುದನ್ನು ವಾಚಕ ಬಂಧುಗಳು ಮನಗಾಣಬೇಕು.

ಮಠದಲ್ಲಿ ತಾಡವೋಲೆಗಳನ್ನು ಓದುತ್ತ ಬೆಳೆದ ನಮಗೆ ಒಂದು ಹೋಲಿಕೆ ತೋರುತ್ತದೆ. ಮನುಷ್ಯನ ಜೀವಕೋಶದಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳಿರುತ್ತವೆ. ಅವು 46 ಓಲೆಕಟ್ಟುಗಳಿದ್ದಂತೆ. ಕೋಶವು ಒಡೆದು ಎರಡಾಗುವಾಗಲೆಲ್ಲ ಈ ಕಟ್ಟುಗಳ ಪ್ರತಿ ತಯಾರಾಗುತ್ತದೆ. ಒಮ್ಮೆ ಲಿಪಿಕಾರನ ಕೈತಪ್ಪಿ ಒಂದು ಕಟ್ಟಿನ ಓಲೆ ಇನ್ನೊಂದರಲ್ಲಿ ಸೇರಿಬಿಟ್ಟರೆ, ಆ ಪ್ರತಿಯಿಂದ ಹುಟ್ಟಿದ ಪ್ರತಿಗಳೆಲ್ಲ ತಪ್ಪಾಗುತ್ತವೆ. ಮೂಲಗ್ರಂಥ ಮಾತ್ರ ಶುದ್ಧವಾಗಿಯೇ ಇರುತ್ತದೆ. ರಕ್ತಕ್ಯಾನ್ಸರಿನಲ್ಲಿ ಬಹುಪಾಲು ಆಗುವುದು ಇದೇ. ಆನುವಂಶಿಕ ಕಾರಣ ಕೆಲವೇ ಮನೆತನಗಳಲ್ಲಿ ಇರುವುದುಂಟು. ಅದನ್ನು ವೈದ್ಯರು ಹೇಳಬೇಕೇ ಹೊರತು ನೆರೆಹೊರೆಯವರಲ್ಲ.

1973ರಲ್ಲಿ ಶಿಕಾಗೋದ ವಿದುಷಿ ಜಾನೆಟ್ ರೌಲಿಯವರು ರಕ್ತಕ್ಯಾನ್ಸರಿನ ಕೋಶಗಳಲ್ಲಿ ವರ್ಣತಂತುಗಳ ತುಂಡುಗಳು ಅದಲುಬದಲಾಗುವುದನ್ನು ತೋರಿಸಿಕೊಟ್ಟರು. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಆರಂಭವಾದುದೂ ಅದೇ ವರ್ಷ. ರೋಗದ ಹೆಸರು ಒಂದೇ ಆದರೂ ದೋಷದ ಬಗೆಗೆ ತಕ್ಕಂತೆ ಅದರ ಗತಿ ಬೇರೆಯಾಗುತ್ತದೆಂಬುದು ಇಂದು ಸ್ಪಷ್ಟವಾಗಿದೆ.

ಮಜ್ಜೆಯ ತೀವ್ರ ಕ್ಯಾನ್ಸರಿನಲ್ಲಿ 8 ಮತ್ತು 21ನೆಯ ತಂತುಗಳ ಅದಲುಬದಲು ಕಂಡರೆ ಔಷಧಕ್ಕೆ ರೋಗ ಚೆನ್ನಾಗಿ ಮಣಿಯುವ ಆಶೆಯುಂಟು. 15 ಮತ್ತು 17ರ ಅದಲುಬದಲಿನ ರೋಗವು ಹಿಂದೆ ರಕ್ತಸ್ರಾವದಿಂದ ಬೇಗನೆ ಪ್ರಾಣ ಒಯ್ಯುತ್ತಿತ್ತು. ಈಗ ‘ಎ’ ಜೀವಸತ್ವದಿಂದ ರೂಪಿಸಿದ ಔಷಧ ಹಾಗೂ ಶುದ್ಧೀಕರಿಸಿದ ಪಾಷಾಣದ ಚಿಕಿತ್ಸೆಯಿಂದ ಬಹುಮಂದಿ ಗುಣಹೊಂದುತ್ತಾರೆ. ಆದರೆ ಇಲ್ಲಿ ಮೊದಲ ದಿನಗಳೇ ಅಪಾಯದವು; ಒಂದು ದಿನವೂ ತಡಮಾಡಲಾಗದು. ಪಾಷಾಣವೆಂಬ ಹೆಸರು ಕೇಳಿ ಮನೆಯಲ್ಲಿ ಭಸ್ಮ ಕೊಡುವುದು ವಿಷಪ್ರಾಶನವೇ ಸರಿ.

6 ಮತ್ತು 9ರ ಅದಲುಬದಲು, 3ನೆಯ ತಂತುವಿನ ತಿರುವುಮುರುವು ಇವು ವಿರಳ. 7ನೆಯದೊಂದು ಕಾಣೆಯಾಗುವುದೂ ಉಂಟು. ಇವು ಕಠಿಣ ಬಗೆಗಳು. ಸಾಮಾನ್ಯ ಔಷಧದಿಂದ ಶಮನವಾದರೂ ಮರುಕಳಿಸುವ ಭಯ ಹೆಚ್ಚು. ಆದ್ದರಿಂದ ವೈದ್ಯರು ಅಸ್ಥಿಮಜ್ಜೆಯ ಕಸಿಯನ್ನು ಬೇಗನೆ ಯೋಚಿಸುತ್ತಾರೆ. ಕಠಿಣವೆಂದರೆ ಕೈಬಿಟ್ಟಂತಲ್ಲ. 9 ಮತ್ತು 22ರ ದೋಷವುಳ್ಳ ತೀವ್ರ ರಕ್ತಕ್ಯಾನ್ಸರೂ ಹಿಂದೆ ನಿರಾಶೆಯದೇ ಆಗಿತ್ತು. 2001ರಲ್ಲಿ ಬಳಕೆಗೆ ಬಂದ ಇಮಾಟಿನಿಬ್ ಹಾಗೂ ಅದರ ಬಳಗದ ಮಾತ್ರೆಗಳು ಆ ಮಾತನ್ನು ಬದಲಿಸಿದವು.

ಆದಕಾರಣ ದಿನಗಟ್ಟಲೆ ಬಿಡದ ಜ್ವರ, ಬಿಳಿಚಿದ ಮುಖ, ಮೈಮೇಲೆ ಕಾರಣವಿಲ್ಲದ ನೀಲಿಗಟ್ಟಿದ ಕಲೆ, ವಸಡಿನ ರಕ್ತ ಕಂಡರೆ ಕೂಡಲೇ ರಕ್ತಪರೀಕ್ಷೆ ಮಾಡಿಸಬೇಕು. ರೋಗ ನಿಶ್ಚಯವಾದರೆ ವರ್ಣತಂತು ಪರೀಕ್ಷೆಗೆ ಮಜ್ಜೆ ಕಳುಹಿಸಲಾಗಿದೆಯೇ, ಫಲ ಏನೆಂದು ವೈದ್ಯರಲ್ಲಿ ವಿನಯದಿಂದ ಕೇಳಬೇಕು. ವರದಿಯನ್ನು ಜೋಪಾನವಾಗಿ ಇಡಬೇಕು.

ಕೊನೆಗೊಂದು ಮಾತು. ಕಸಿಗೆ ಮಜ್ಜೆ ಬೇಕಾದಾಗ ವೈದ್ಯರು ಮೊದಲು ಪರೀಕ್ಷಿಸುವುದು ಒಡಹುಟ್ಟಿದವರನ್ನೇ. ಪ್ರತಿಯೊಬ್ಬರದೂ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಯಾವ ಅಕ್ಕನ ರಕ್ತವನ್ನು ನಾವು ಶಂಕಿಸಿದೆವೋ, ತಮ್ಮನ ಜೀವ ಉಳಿಸುವುದು ಅದೇ ಇರಬಹುದು.