ಅನುಮಾನ ಬಂದರೆ ಸಾಕು

ಪುಣೆ ಬಳಿಯ ತಳೇಗಾಂವ ದಾಭಾಡೆಯಂಥ ಕಾರ್ಖಾನೆಯೂರಿನಲ್ಲಿ ಕಟ್ಟಡ ಏಳುವಲ್ಲೆಲ್ಲ ತಗಡಿನ ಶೆಡ್ಡುಗಳೂ ಏಳುತ್ತವೆ. ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯವರು ಪುಣೆ ಸೀಮೆಗೆ ದುಡಿಯಲು ಬರುವುದು ಹೊಸದಲ್ಲ. ಅಪ್ಪ-ಅವ್ವ ಕೆಲಸಕ್ಕೆ ಹೋದರೆ ಮಕ್ಕಳಿಗೆ ಪಕ್ಕದ ಶೆಡ್ಡಿನವರೇ ದಿಕ್ಕು. ಅಲ್ಲಿ ಚುರುಕಾಗಿದ್ದ ಹುಡುಗಿಯೊಬ್ಬಳು ಮಂಕಾಗುತ್ತಾಳೆ. ಪರಿಚಯದವನೊಬ್ಬ ಬಂದರೆ ಅವ್ವನ ಸೆರಗು ಬಿಡುವುದಿಲ್ಲ. ಯಾವಾಗಲೋ ನಿಂತಿದ್ದ ಹಾಸಿಗೆ ಒದ್ದೆಯಾಗುವುದು ಮತ್ತೆ ಶುರುವಾಗುತ್ತದೆ. ಮರಾಠಿ ಬಾರದ್ದಕ್ಕೆ ಮಗು ಸುಮ್ಮನಿದೆ ಎಂದು ಶಾಲೆಯಲ್ಲಿ ತಿಳಿಯುವುದು ಸುಲಭ. ಆದರೆ ಅವಳ ಮಾತು ಬಲ್ಲ ಕನ್ನಡದ ನೆರೆಯವರಿಗೆ ಏನೋ ಸರಿಯಿಲ್ಲ ಅನಿಸಿರುತ್ತದೆ. ಆದರೂ, ಖಾತ್ರಿಯಿಲ್ಲದೆ ಹೇಗೆ ಹೇಳೋದು, ನಮಗ್ಯಾಕೆ ಊರ ಉಸಾಬರಿ ಎಂದು ಸುಮ್ಮನಾಗುತ್ತಾರೆ.

ಈ ಖಾತ್ರಿಯ ಹಟವೇ ಮಕ್ಕಳಿಗೆ ಮುಳುವು ಎಂಬುದು ನನ್ನ ವಾದ. ಖಾತ್ರಿ ಮಾಡಿಕೊಳ್ಳುವುದು ತನಿಖೆಯವರ ಕೆಲಸ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮು ನಮ್ಮಿಂದ ಪುರಾವೆ ಕೇಳುವುದಿಲ್ಲ. ಲೈಂಗಿಕ ಅಪರಾಧ ನಡೆದದ್ದು ಗೊತ್ತಿದ್ದರೆ, ನಡೆಯಬಹುದೆಂಬ ಆತಂಕವಿದ್ದರೂ ಸರಿ, ಪೊಲೀಸರಿಗೆ ತಿಳಿಸಲೇಬೇಕು. ಅಪರಾಧ ಗೊತ್ತಿದ್ದೂ ತಿಳಿಸದವರಿಗೆ ಆರು ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಚಂದ್ರಪುರ ಜಿಲ್ಲೆಯ ರಾಜುರಾದ ಹಾಸ್ಟೆಲ್ ಹುಡುಗಿಯರ ಪ್ರಕರಣದಲ್ಲಿ, ವಿಷಯ ಗೊತ್ತಿದ್ದೂ ತಿಳಿಸಲಿಲ್ಲವೆಂಬ ಆರೋಪ ಹೊತ್ತ ವೈದ್ಯರ ಮೇಲಿನ ಎಫ್‌ಐಆರನ್ನು ಹೈಕೋರ್ಟ್ ರದ್ದುಮಾಡಿತ್ತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು.

ತಪ್ಪಾದರೆ ಒಬ್ಬ ನಿರಪರಾಧಿಯ ಮಾನ ಹೋಗುತ್ತದಲ್ಲ ಎಂಬ ಅಳುಕು ನ್ಯಾಯವಾದದ್ದೇ. ಹಾಗಾಗದಿರಲು ವಿಷಯವನ್ನು ಓಣಿಯಲ್ಲಿ ಹರಡಬಾರದು, ಸಂಶಯವಿರುವವನ ಕೊರಳಪಟ್ಟಿ ಹಿಡಿಯಲೂಬಾರದು; ಹೇಳಬೇಕಾದಲ್ಲಿ ಮಾತ್ರ ಹೇಳಬೇಕು. ಪ್ರಾಮಾಣಿಕವಾಗಿ ತಿಳಿಸಿದವರ ಮೇಲೆ ಕೇಸು ಹಾಕಲಾಗದೆಂದು ಅದೇ ಕಲಮು ರಕ್ಷಣೆ ಕೊಡುತ್ತದೆ. ಮಗುವನ್ನು ಕೆದಕಿ ಕೆದಕಿ ಕೇಳಬೇಡಿ. ಅದು ಆಡಿದ ಮಾತನ್ನು ಆಡಿದಂತೆಯೇ ತಾರೀಖು ಹಾಕಿ ಬರೆದಿಡಿ. ಯಾರಿಗೂ ಹೇಳುವುದಿಲ್ಲ ಎಂದು ಆಣೆ ಇಡಬೇಡಿ, ಆ ಮಾತು ಉಳಿಸಿಕೊಳ್ಳಲು ನಿಮಗಾಗದು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೂ ದಾರಿ ತೆರೆಯುತ್ತದೆ.



ಭಾಷೆಯ ತೊಡಕನ್ನೂ ಪೋಕ್ಸೊ ಮರೆತಿಲ್ಲ. ದೂರು ಬರೆದುಕೊಳ್ಳುವ ಭಾಷೆ ಮಗುವಿಗೆ ತಿಳಿಯದಿದ್ದರೆ ಭಾಷಾಂತರಕಾರರನ್ನು ಒದಗಿಸಬೇಕು. ಮರಾಠಿ ಠಾಣೆಯಲ್ಲಿ ಕಲಬುರಗಿಯ ಕೂಲಿಯವರು ಅದನ್ನು ಕೇಳಿ ಪಡೆಯಲಾರರು. ಎರಡೂ ಮಾತು ಬಲ್ಲ, ಅಲ್ಲೇ ಬೇರೂರಿದ ಕನ್ನಡಿಗರು ಮಗುವಿನ ತಾಯಿಯ ಜೊತೆ ಠಾಣೆಗೆ ಹೋಗಿ ಅದನ್ನು ಕೇಳಬಲ್ಲರು.